ಬಿಟ್ಟು ಓದಿದ ಐದು ಸಾಲು

ಮೇಜಿನ ಡ್ರಾಯರ್ ಖಾಲಿ ಮಾಡುವಾಗ ಹಳೆಯದೊಂದು ಕಾಫಿಪುಡಿಯ ಪೊಟ್ಟಣ ಸಿಕ್ಕಿತು. ಪುಡಿ ಇರಲಿಲ್ಲ, ಒಳಗೊಂದು ಪೆನ್‌ಡ್ರೈವ್ ಇತ್ತು. ಮೂಗಿಗೆ ಹಿಡಿದರೆ ಇನ್ನೂ ಆ ಪುಡಿಯ ಘಮ... ಜಾವಳಿ ಕಡೆಯ ಕಾಫಿ ಎಸ್ಟೇಟಿನ ರೈಟರು ನೆನಪಾದರು.

ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವುದು ಅವರ ಕೆಲಸ. ಜೊತೆಗೆ ದಿನಾ ಬೆಳಿಗ್ಗೆ ರೈನ್‌ಗೇಜ್ ನೋಡಿ, ಬಿದ್ದ ಮಳೆಯನ್ನು ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟಿನ ಲೆಕ್ಕದಲ್ಲಿ ಪುಸ್ತಕಕ್ಕೆ ಹತ್ತಿಸುತ್ತಿದ್ದರು. ಹೆಂಡತಿಗೆ ಹೆರಿಗೆಯಾದ ದಿನವೂ ತಪ್ಪಿಸಿರಲಿಲ್ಲವಂತೆ. ನಿವೃತ್ತರಾದ ಮೇಲೆ ಅಷ್ಟೂ ವರ್ಷದ ಮಳೆಯನ್ನು ಎರಡು ಬೆರಳಿನಲ್ಲಿ ಕಂಪ್ಯೂಟರಿಗೆ ಕುಟ್ಟಿ ಒಂದು ಫೈಲ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ ಈ ಪೊಟ್ಟಣದಲ್ಲಿಟ್ಟು ಕಳಿಸಿದ್ದರು. ಚಿಕ್ಕಮಗಳೂರಿನ ನಮ್ಮ ಕಚೇರಿಯಲ್ಲಿ ಆಗ ಕಾಫಿ ಸೀಮೆಯ ಮಳೆಯ ನಕ್ಷೆ ತಯಾರಾಗುತ್ತಿತ್ತು. ಅದರಲ್ಲಿ ತಮ್ಮ ಮಳೆಯೂ ಸೇರಬೇಕು, ಅವರಿಗೆ ಬೇಕಿದ್ದದ್ದು ಅಷ್ಟೇ.

ನಾನು ಅಂಕಿಅಂಶಗಳ ಲೆಕ್ಕ ಹಾಕುವ ಆರ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕಲಿತ ಹೊಸತು. ತಲೆಗೆ ಎರಡು ಕೊಂಬು ಬಂದಿದ್ದವು. ಯಾವ ಫೈಲೇ ಆಗಲಿ, ಅದನ್ನು ಆರ್‌ಗೆ ತುಂಬುವ ಮುಂಚೆ ಮೊದಲ ನಾಲ್ಕಾರು ಸಾಲು ತೆರೆದು ನೋಡಬೇಕು, ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿದ ಹಾಗೆ. ರೀಡ್‌ಲೈನ್ಸ್ ಎಂದು ಬರೆದು ಐದು ಎಂದರೆ ಐದೇ ಸಾಲು ತೋರಿಸುತ್ತದೆ. ಅರ್ಧ ನಿಮಿಷದ ಕೆಲಸ. ನಾನು ಅದನ್ನೂ ಮಾಡಲಿಲ್ಲ. ಮೇಲೆ ಅಕ್ಷರ, ಕೆಳಗೆ ಅಂಕಿ ಇದ್ದುದರಿಂದ ಆರ್ ತಕರಾರು ತೆಗೆಯಿತು. ಮೇಲೇನೋ ದೇವರ ಹೆಸರೋ ಎಸ್ಟೇಟಿನ ಹೆಸರೋ ಇರಬೇಕೆಂದುಕೊಂಡು, ಒಂದು ಸಾಲು ಬಿಡು, ಎರಡು ಬಿಡು ಎನ್ನುತ್ತಾ ಹೋದೆ. ಐದು ಬಿಟ್ಟಾಗ ಒಪ್ಪಿತು.

ಆಮೇಲೆ ಜೋರು ಮಳೆಯ ಮೂರು ನಾಲ್ಕು ದಿನ ಆರಿಸಿ, ಅಕ್ಕಪಕ್ಕದ ಎಸ್ಟೇಟುಗಳ ಮಳೆಯ ಜೊತೆ ಹಿಡಿದು ನೋಡಿದೆ. ಒಂದೂ ತಾಳೆಯಾಗಲಿಲ್ಲ. ಮನುಷ್ಯ ಕೂತಲ್ಲೇ ಬರೆದದ್ದು ಎಂದು ತೀರ್ಮಾನಿಸಿಬಿಟ್ಟೆ.

ವಿಚಾರಿಸಲು ಅವರು ಬಸ್ಸು ಹತ್ತಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕೂರಲೂ ಹೇಳದೆ, "ನಿಮ್ಮದು ಯಾರ ಮಳೆಗೂ ಹೊಂದಲ್ಲ. ಸೇರಿಸೋಕಾಗಲ್ಲ" ಎಂದೆ.

ಅವರು ನಿಂತೇ ಕೇಳಿದರು: "ಮೇಡಂ, ಮೇಲ್ಗಡೆ ನಾಲ್ಕು ಮಾತು ಬರ್ದಿದ್ದೆ. ಓದಿದ್ರಾ?"

"ಓದಿದೆ."

"ಓದಿದ ಮೇಲೂ ಹೊಂದಲ್ವಾ?"

"ಇಲ್ಲ."

ತಲೆಯಾಡಿಸಿ ಹೋದರು. ನಕ್ಷೆ ಅಚ್ಚಾಯಿತು. ಅದರಲ್ಲಿ ಅವರ ಎಸ್ಟೇಟಿನ ಚುಕ್ಕಿ ಇರಲಿಲ್ಲ.

ಮೊನ್ನೆ ಆ ಪೆನ್‌ಡ್ರೈವ್ ಹಾಕಿ, ಇಷ್ಟು ವರ್ಷದ ಮೇಲೆ, ಮೊದಲ ಐದು ಸಾಲು ಮಾತ್ರ ತೆರೆದೆ. ದೇವರ ಹೆಸರು ಇರಲಿಲ್ಲ...

"ಬೆಳಿಗ್ಗೆ ಆರಕ್ಕೆ ಅಳೆದ ಮಳೆ.
ನಮ್ಮ ಎಸ್ಟೇಟಿನ ಪದ್ಧತಿಯಂತೆ ಹಿಂದಿನ ದಿನದ ತಾರೀಖಿಗೆ ಬರೆದಿದೆ.
ಬೇರೆ ಎಸ್ಟೇಟಿನವರು ಅಳೆದ ದಿನಕ್ಕೇ ಬರೆಯುತ್ತಾರೆ.
ಹೋಲಿಸುವವರು ದಯವಿಟ್ಟು
ಒಂದು ದಿನ ಮುಂದೆ ಹಾಕಿಕೊಳ್ಳುವುದು."

ಒಂದು ದಿನ ಮುಂದಕ್ಕೆ ಸರಿಸಿದೆ. ಜೋರು ಮಳೆಯ ದಿನಗಳೆಲ್ಲ ಅಕ್ಕಪಕ್ಕದವರ ಮಳೆಯ ಸರಿಸಮಕ್ಕೆ ಬಂದು ಕೂತವು. ನಾಚಿಕೆಯಿಂದ ಮೈ ಹಿಡಿಯಾಯಿತು.

ಪೊಟ್ಟಣದ ಮೇಲೆ ಅವರು ಬರೆದಿದ್ದ ನಂಬರಿಗೆ ಫೋನ್ ಮಾಡಿದೆ. ಮಗಳು ಎತ್ತಿದರು. "ಅಪ್ಪ ತೀರ್ಕೊಂಡು ಎರಡು ವರ್ಷ ಆಯ್ತಲ್ಲ" ಎಂದರು. ನಾನು ಯಾರೆಂದು ಹೇಳಿದೆ.

"ಓ, ನೀವಾ... ರಿಟೈರ್ ಆದ್ಮೇಲೂ ಅಂಗಳದಲ್ಲಿ ಮಳೆ ಅಳೀತಿದ್ರು. ನಿಮ್ಮ ಆಫೀಸಿಂದ ಬಂದ ದಿನವೇ ಬಿಟ್ರು. 'ಅವ್ರು ಓದಿಯೇ ಹೇಳಿದಾರೆ, ಎಲ್ಲೋ ನಂದೇ ತಪ್ಪಾಗಿರ್ಬೇಕು' ಅಂದ್ರು."

"ನಾನು ಓದಿರ್ಲಿಲ್ಲ" ಎಂದೆ.

"ಅದನ್ನ ಅವತ್ತೇ ಹೇಳ್ಬಿಡೋದಲ್ವಾ" ಎಂದರು, ಮೆಲ್ಲಗೆ.

ಫೋನ್ ಇಟ್ಟ ಮೇಲೂ ಆ ಐದು ಸಾಲು ಪರದೆಯ ಮೇಲೇ ಇದ್ದವು. "ದಯವಿಟ್ಟು" ಎಂದಿದ್ದ ಸಾಲನ್ನು ಇನ್ನೊಮ್ಮೆ ಓದಿದೆ.