ಸೈಮಿಯವರ ಶನಿವಾರದ ಪಾಳಿ

ನಮ್ಮ ಕಟ್ಟಡದ ನೆಲಮಾಳಿಗೆಯ ಸೌನಾದಲ್ಲಿ, ಹಬೆಸ್ನಾನದ ಕೋಣೆಯಲ್ಲಿ, ಶನಿವಾರ ಸಂಜೆಯ ಮೊದಲ ಪಾಳಿ ಸೈಮಿಯವರದು. ಅವರದು ಮುಗಿದರೆ ನಮ್ಮದು. ಸೈಮಿಯವರ ಗಂಡ ತೈಸ್ತೊ ಇದ್ದಾಗ ಇಬ್ಬರೂ ಹೆಗಲಿಗೆ ಟವೆಲ್ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಅವರು ತೀರಿಕೊಂಡ ಮೇಲೂ ಸೈಮಿ ಆ ಹೊತ್ತನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಈ ಚಳಿಗಾಲದಲ್ಲಿ ಕಲ್ಲು ಕಾಯಿಸುವ ಕರೆಂಟಿನ ಒಲೆ ಕೈಕೊಟ್ಟಿತು. ನೀರು ಸುರಿದರೆ ಕಲ್ಲುಗಳು ಚುಂಯ್ ಎನ್ನುವ ಬದಲು ಸುಮ್ಮನೆ ಒದ್ದೆಯಾಗುತ್ತಿದ್ದವು. ಮೂರನೇ ಮಹಡಿಯವರು ಕಲ್ಲು ಹೆಚ್ಚಾಯಿತೆಂದು ತೆಗೆದರು. ನನ್ನ ಗಂಡ ಕಡಿಮೆಯಾಯಿತೆಂದು ಮತ್ತೆ ಪೇರಿಸಿದ. ಕೊನೆಗೆ ಕಟ್ಟಡದ ಸಂಘದ ಅಧ್ಯಕ್ಷ ಕೌಕೊ, ಸೌನಾ ಮುಚ್ಚಿ ಅಲ್ಲಿ ಸೈಕಲ್ ನಿಲ್ಲಿಸೋಣ ಎಂದ. ಎಲ್ಲರೂ ಹೂಂಗುಟ್ಟಿದರು, ಸೈಮಿ ಒಬ್ಬರನ್ನು ಬಿಟ್ಟು.

"ಒಲೆಗೆ ವಯಸ್ಸಾಯ್ತು ಸೈಮಿ, ನಮ್ ಥರಾನೇ. ಬಿಟ್ಬಿಡಿ," ಎಂದ ಕೌಕೊ.

"ವಯಸ್ಸಾಗಿರೋದು ನಿಂಗೆ ಕಣೋ. ಮುಚ್ಚೋಕ್ ಮುಂಚೆ ಒಂದ್ಸಲ ನಾನು ನೋಡ್ತೀನಿ."

ಸೈಮಿ ಮೋಟಾರು ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದವರು. ತೈಸ್ತೊ ಅಲ್ಲೇ ಪರೀಕ್ಷೆಯ ಮೇಜಿನಲ್ಲಿದ್ದರು. ಇವರು ಸುತ್ತಿದ ಪ್ರತಿ ಸುರುಳಿಯನ್ನೂ ಅಳೆದು, ಅದರ ರೋಧ ಎಷ್ಟು ಓಮ್ ಬಂತೆಂದು ಆಚೆ ತುದಿಯಿಂದ ಕೂಗುತ್ತಿದ್ದರಂತೆ.

"ಬೇರೆಯವ್ರದ್ದನ್ನೆಲ್ಲ ಸುಮ್ನೆ ಬರ್ಕೊಳ್ತಿದ್ದ. ನಂದು ಮಾತ್ರ ಊರಿಗೆಲ್ಲ ಕೇಳ್ಬೇಕು," ಎಂದು ಒಮ್ಮೆ ಸೈಮಿ ನನಗೆ ಹೇಳಿದ್ದರು. ಅದು ಪ್ರೀತಿ ಎಂದು ಅರ್ಥವಾಗಲು ಅವರಿಗೆ ಒಂದಿಡೀ ಬೇಸಿಗೆ ಬೇಕಾಯಿತಂತೆ.

ತೈಸ್ತೊ ಬಿಟ್ಟುಹೋದ ಮೀಟರ್ ಹಿಡಿದು, ಕೈಗವಸು ತೊಟ್ಟು ಅವರು ಕೆಳಗೆ ಬಂದರು. ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಟಾರ್ಚ್ ಹಿಡಿದೆ. ಕೌಕೊ ಬಾಗಿಲಿಗೆ ಒರಗಿ ನಿಂತ. ಒಲೆಯೊಳಗೆ ಕಲ್ಲು ಕಾಯಿಸುವ ಮೂರು ಕಾಯಿಲ್‌ಗಳಿವೆ. ಮೂರಕ್ಕೂ ವೋಲ್ಟೇಜ್ ಇನ್ನೂರ ಮೂವತ್ತು ಸರಿಯಾಗಿಯೇ ಬರುತ್ತಿತ್ತು. ಆಮೇಲೆ ಒಂದೊಂದೇ ತಂತಿಗೆ ಮೀಟರಿನ ಕೊಂಡಿ ಸಿಕ್ಕಿಸಿದರು.

"ಕರೆಂಟು ಹತ್ತು ಆಂಪಿಯರ್. ಇನ್ನೂರ ಮೂವತ್ತನ್ನ ಹತ್ತರಿಂದ ಭಾಗಿಸಿದ್ರೆ ಇಪ್ಪತ್ಮೂರು ಓಮ್!" ಎಂದು ಗಟ್ಟಿಯಾಗಿ ಕೂಗಿ, ಆಚೆ ಗೋಡೆಯ ಕಡೆ ತಲೆ ಎತ್ತಿದರು. ಯಾರೋ ಆಚೆಯಿಂದ ಓಗೊಡಬೇಕಿತ್ತೇನೋ ಎಂಬಂತೆ. "ಗುಣಿಸಿದ್ರೆ ಎರಡು ಸಾವಿರದ ಮುನ್ನೂರು ವ್ಯಾಟ್. ಈ ಮೊದಲ್ನೇವನು ಗಟ್ಟಿಗ."

ಎರಡನೆಯದರಲ್ಲೂ ಅಷ್ಟೇ ಬಂತು. ಮೂರನೆಯದರಲ್ಲಿ ಸೊನ್ನೆ.

"ಇವನೊಳಗೆ ತಂತಿ ಕಡಿದಿದೆ. ಕರೆಂಟು ಹೋಗೋಕೆ ದಾರೀನೇ ಇಲ್ಲ. ಆರು ಸಾವಿರದ ಒಂಬೈನೂರು ವ್ಯಾಟ್ ಬರ್ಬೇಕಾದ ಕಡೆ ನಾಲ್ಕು ಸಾವಿರದ ಆರುನೂರು ಬರ್ತಿದೆ. ಮೂರು ಜನದ ಕೆಲ್ಸ ಇಬ್ರು ಮಾಡ್ತಿದ್ರೆ ಕಲ್ಲು ಎಲ್ಲಿಂದ ಕಾಯುತ್ತೆ?"

"ಹಾಗಾದ್ರೆ ಸೈಕಲ್ಲು?" ಎಂದ ಕೌಕೊ.

"ಮಳೇಲಿ ನೆನೀಲಿ."

ಎಲೆಕ್ಟ್ರಿಷಿಯನ್ ಬಂದು ಆ ಒಂದು ಕಾಯಿಲ್ ಬದಲಿಸಿ ಹೋದ.

ಶನಿವಾರ ನಮ್ಮ ಪಾಳಿಗೆಂದು ಮಗುವನ್ನು ಎತ್ತಿಕೊಂಡು ಇಳಿದೆ. ಒಳಗಿನ ಬಾಗಿಲು ಇನ್ನೂ ಮುಚ್ಚಿತ್ತು. ಕಲ್ಲುಗಳು ಜೋರಾಗಿ ಚುಂಯ್ ಎಂದವು. ಹಿಂದೆಯೇ ಸೈಮಿಯವರ ಮೆತ್ತಗಿನ ದನಿ.

"ಇನ್ನೊಂದ್ ಸೌಟು ಹಾಕ್ಲಾ?"

ಹೊರಗಿನ ಗೂಟದಲ್ಲಿ ಅವರದೊಂದೇ ಟವೆಲ್ ನೇತಾಡುತ್ತಿತ್ತು. ಮತ್ತೆ ಚುಂಯ್.

ಬಾಗಿಲು ತಟ್ಟಲು ಮನಸ್ಸಾಗಲಿಲ್ಲ. ಮಗುವಿನ ಟೋಪಿ ಸರಿಮಾಡಿ ಮೇಲೆ ಹತ್ತಿಬಂದೆ.

"ಇಷ್ಟ್ ಬೇಗ ಮುಗೀತಾ?" ಎಂದ ನನ್ನ ಗಂಡ.

"ಅವರಿಗಿನ್ನೂ ಹೊತ್ತು ಬೇಕು," ಎಂದು ಹೇಳಿ, ಮಗುವಿನ ಸ್ನಾನಕ್ಕೆ ಟಬ್ಬಿಗೆ ಬಿಸಿನೀರು ಬಿಟ್ಟೆ.