ಮುಂಬಯಿತನಕ ಹೋಗಿ ಬಂದ ಶಿವಬಸವ್ವ

ಹುಬ್ಬಳ್ಳಿಯಲ್ಲಿ ಶಿವದಾರ ಹೊಸೆಯುವವರಿಗೇನು ಬರವಿರಲಿಲ್ಲ. ಆದರೂ ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವವರು ಹುಡುಕಿಕೊಂಡು ಬಂದು ಒಯ್ಯುತ್ತಿದ್ದದ್ದು ಶಿವಬಸವ್ವ ಹೊಸೆದ ದಾರವನ್ನೇ. ಗಂಡ ಚನ್ನಯ್ಯ ಜಂಗಮ, ಜೋಳಿಗೆ ಹಿಡಿದು ಓಣಿ ಓಣಿ ತಿರುಗುವವನು. ಅವನ ಜೋಳಿಗೆ, ಅವಳ ದಾರ, ಎರಡೂ ಸೇರಿ ಮನೆಯ ಒಲೆ ಹೇಗೋ ಉರಿಯುತ್ತಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವಳ ಎದೆಯಲ್ಲಿ, ಲಿಂಗವಿಡುವ ಕರಡಿಗೆ ತಾಗುವಲ್ಲೇ, ಒಂದು ಗಂಟು ಎದ್ದಿತು. ನೋವಿರಲಿಲ್ಲ. ತವರಿನಿಂದ ತಂದ ಬೆಳ್ಳಿಯ ಕರಡಿಗೆ ಉಜ್ಜಿ ಉಜ್ಜಿ ಹೀಗಾಗಿದೆ ಎಂದುಕೊಂಡಳು. ದಾರದವಳಿಗೆ ದಾರದ ತಪ್ಪೇ ತಾನೆ ಕಾಣುವುದು? ದಾರವನ್ನು ಉದ್ದ ಮಾಡಿಕೊಂಡಳು, ಆಮೇಲೆ ಗಿಡ್ಡ ಮಾಡಿಕೊಂಡಳು, ಕರಡಿಗೆಯ ಕೆಳಗೆ ಅರಳೆ ಇಟ್ಟು ನೋಡಿದಳು. ಲಿಂಗದಿಂದ ಆಯಿತೆಂದು ಯಾರ ಮುಂದೆ ಬಾಯಿ ಬಿಡುವುದೆಂದು ಸುಮ್ಮನಿದ್ದಳು. ಹೀಗೆ ವರ್ಷವೇ ಕಳೆದು, ಚರ್ಮ ಒಡೆದು ಒಸರತೊಡಗಿದ ಮೇಲೆ ಗಂಡನಿಗೆ ಹೇಳಿದಳು.

ಡಾಕ್ಟರ್ ಬಿಂದುಮಾಧವರು ನೋಡಿ, ಇದು ಕ್ಯಾನ್ಸರ್, ಇಲ್ಲಿ ಇದಕ್ಕೆ ಔಷಧವಿಲ್ಲ, ಮುಂಬಯಿಯಲ್ಲಿ ಬೆಳಕು ಬಿಟ್ಟು ಸುಡುವ ಯಂತ್ರವಿದೆ, ಲಗೂ ಹೋಗಿರಿ ಎಂದರು. ಪಕ್ಕದ ಕೇಶ್ವಾಪುರಕ್ಕೆ ಹೋಗಿ ಬನ್ನಿ ಎಂದಷ್ಟೇ ಸಲೀಸಾಗಿ ಹೇಳಿದರು. ಚನ್ನಯ್ಯ ಗದಗಿನಾಚೆ ಕಾಲಿಟ್ಟವನಲ್ಲ. ರೈಲಿನ ತುಂಬ ಸಿಪಾಯಿಗಳು. ಮುಂಬಯಿಯಲ್ಲಿ ಇಳಿದು ಯಾರ ಮನೆಯ ಕದ ತಟ್ಟುವುದು?

ಅಷ್ಟರಲ್ಲಿ ಅರಳೆ ವ್ಯಾಪಾರಿ ದ್ಯಾಮಣ್ಣನ ಹೆಂಡತಿ ಸಂಗವ್ವನಿಗೂ ಅದೇ ರೋಗವೆಂದು ಗೊತ್ತಾಯಿತು. ಅವರ ಮನೆಗೆ ಡಾಕ್ಟರೇ ಬಂದು ಹೋಗುತ್ತಿದ್ದರು, ಹಾಗಾಗಿ ಗಂಟು ಕಡಲೆಯಷ್ಟಿರುವಾಗಲೇ ಸಿಕ್ಕಿಬಿದ್ದಿತು. ಮುಂಬಯಿಗೆ ಹೊರಟ ಸಂಗವ್ವ, ಪರಸ್ಥಳದಲ್ಲಿ ಲಿಂಗವಂತರ ಕೈಯ ಅಡಿಗೆಯೇ ಆಗಬೇಕೆಂದು ಶಿವಬಸವ್ವನನ್ನು ಜೊತೆಗೆ ಬರಲು ಕರೆಸಿದಳು.

"ಶಿವನೇ ದಾರಿ ತೋರಿಸ್ಯಾನ" ಎಂದ ಚನ್ನಯ್ಯ. "ಅಲ್ಲಿ ನೀನೂ ತೋರಿಸ್ಕೊ. ಆದರ ಅವರ ಮುಂದ ಬಾಯಿ ಬಿಡಬ್ಯಾಡ. ಒಸರೂ ಹುಣ್ಣಿನಾಕಿನ್ನ ಅಡಗಿ ಮನ್ಯಾಗ ಯಾರ ಬಿಟ್ಕೋತಾರ?"

ಮುಂಬಯಿಯಲ್ಲಿ ದ್ಯಾಮಣ್ಣ ಬಾಡಿಗೆಯ ಬಿಡಾರ ಹಿಡಿದ. ಸಂಗವ್ವನ ಗಂಟು ಕೊಯ್ದು ತೆಗೆದರು. ದವಾಖಾನೆಗೆ ಊಟ ಒಯ್ದ ಒಂದು ಮಧ್ಯಾಹ್ನ ಶಿವಬಸವ್ವ ಧೈರ್ಯ ಮಾಡಿ, ಹುಬ್ಬಳ್ಳಿಯ ಪೇಟೆಯಲ್ಲಿ ಕಲಿತ ಹರಕು ಮರಾಠಿಯಲ್ಲಿ ನರ್ಸಿನ ಮುಂದೆ ಕಷ್ಟ ಹೇಳಿಕೊಂಡಳು. ಡಾಕ್ಟರು ನೋಡಿ, ತಡವಾಗಿದೆ, ಆದರೂ ಒಂದೂವರೆ ತಿಂಗಳು ದಿನಾಲೂ ಬೆಳಕು ಬಿಟ್ಟರೆ ಗುಣ ಕಂಡೀತು ಎಂದರು. ಬಡವರಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅಂದೇ ಶುರುವಾಯಿತು. ಆಮೇಲೆ ದಿನಾಲೂ ಊಟದ ಡಬ್ಬಿ ಕೊಟ್ಟು, ಹಿಂದಿನ ಬಾಗಿಲಿಂದ ಯಂತ್ರದ ಕೋಣೆಗೆ ಹೋಗಿ ಬರುವಳು. ವಾರ ಕಳೆಯುವಷ್ಟರಲ್ಲಿ ಒಸರು ಕಡಿಮೆಯಾಯಿತು. ಬದುಕುತ್ತೇನೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಮರುವಾರವೇ ಸಂಗವ್ವನ ಗಾಯ ಮಾಯಿತು. ದ್ಯಾಮಣ್ಣ ಯಾರದೋ ಕೈಕಾಲು ಹಿಡಿದು ಟಿಕೇಟು ತಂದ. ಇನ್ನು ಮುಚ್ಚಿಡುವಂತಿರಲಿಲ್ಲ. ಶಿವಬಸವ್ವ ಎಲ್ಲ ಹೇಳಿ, ಒಂದು ತಿಂಗಳು ಇಲ್ಲೇ ಎಲ್ಲಾದರೂ ಮೂಲೆಯಲ್ಲಿ ಬಿಟ್ಟು ಹೋಗಿರೆಂದು ಸೆರಗೊಡ್ಡಿದಳು.

ಸಂಗವ್ವ ಅತ್ತಳು, ಆ ಅಳು ಖರೇನೇ ಇತ್ತು. "ಮೊದಲ ಹೇಳಬಾರದಿತ್ತೇನ್ರಿ, ಶಿವಬಸವ್ವಾರ? ಇಷ್ಟ ದಿನ ನಿಮ್ಮ ಕೈಯಾಗ ಉಂಡ್ನಲ್ಲ."

ಬಿಡಾರ ನಾಳೆಯೇ ಬಿಡಬೇಕು, ಗುರುತಿಲ್ಲದ ಊರಲ್ಲಿ ಹೆಣ್ಣೊಬ್ಬಳನ್ನು ಯಾರ ಕೈಗೆ ಒಪ್ಪಿಸುವುದು, ಊರಿಗೆ ನಡೆಯಿರಿ, ಮುಂದೆ ನೋಡೋಣ ಎಂದ ದ್ಯಾಮಣ್ಣ. ದವಾಖಾನೆಯಲ್ಲಿ ಕೇಳಿದರೆ, ಮಲಗಿದವರಿಗೇ ಮಂಚವಿಲ್ಲವೆಂದರು. ಎಲ್ಲರ ಮಾತೂ ಸರಿಯಾಗಿಯೇ ಇತ್ತು. ಅದೇ ಅವಳ ಹೊಟ್ಟೆ ಉರಿಸಿತು.

ಗಂಡಹೆಂಡತಿ ಸೆಕೆಂಡ್ ಕ್ಲಾಸಿನಲ್ಲಿ, ಶಿವಬಸವ್ವ ಥರ್ಡ್ ಕ್ಲಾಸಿನಲ್ಲಿ ಹೊರಟರು. ಮಿರಜಿನಲ್ಲಿ ರೊಟ್ಟಿಯ ಗಂಟು ಹಿಡಿದುಕೊಂಡು ಅವರ ಕಿಟಕಿಯ ಹತ್ತಿರ ಓಡಿದಳು. ಸಂಗವ್ವ ಸ್ಟೇಷನ್ನಿನ ಪೂರಿ ತಿನ್ನುತ್ತಿದ್ದಳು. "ನಮಗ ಸಾಕ್ರಿ, ನೀವ ಉಣ್ರಿ" ಎಂದಳು, ಮುಖ ನೋಡದೆ.

ಶಿವಬಸವ್ವ ಗಂಟನ್ನು ಉಡಿಯಲ್ಲಿಟ್ಟುಕೊಂಡು ತನ್ನ ಥರ್ಡ್ ಕ್ಲಾಸಿನ ಡಬ್ಬಿಗೆ ಬಂದು ಕುಳಿತಳು. ರೊಟ್ಟಿ ಬಿಚ್ಚಲಿಲ್ಲ. ಗಾಡಿ ಹುಬ್ಬಳ್ಳಿಯ ಕಡೆ ಹೊರಟಿತು. ಅಲ್ಲಿ ಚನ್ನಯ್ಯ, ದ್ಯಾಮಣ್ಣನ ಮನೆಯವರಿಂದ ಬರುವ ಸುದ್ದಿ ತಿಳಿದು, ಹೆಂಡತಿ ಗುಣವಾಗಿ ಬರುತ್ತಾಳೆಂದು, ಅಂದು ಭಿಕ್ಷೆಗೂ ಹೋಗದೆ ಸ್ಟೇಷನ್ನಿಗೆ ಬಂದು ನಿಂತಿದ್ದ.