ಹೆಡ್‌ಲೈಟ್ ಯಾರನ್ನು ಕಂಡಿತು?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಈಗಲೂ ಅವನ್ನೆಲ್ಲ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ನಡೆದ ಹಾಗೆಯೇ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ.

ಆಗಷ್ಟೇ ಹೊಸ ಕಾರು ಕೊಂಡಿದ್ದೆವು. ಹಳೆಯ ಕಾರಿನಲ್ಲಿ, ಎದುರಿಗೆ ಗಾಡಿ ಬಂದಾಗ ಡಿಮ್ ಮಾಡಿದರೆ ಪಕ್ಕದಲ್ಲಿ ನಡೆಯುವವರು, ದನಕರು ಯಾವುದೂ ಕಾಣುವುದಿಲ್ಲ ಎಂದು ನಾನು ಗೊಣಗುತ್ತಿದ್ದೆ. ಈ ಕಾರಿನಲ್ಲಿ ಆ ತೊಂದರೆ ಇಲ್ಲ. ಮುಂದಿನ ಗಾಜಿನ ಹಿಂದೆ ಒಂದು ಕ್ಯಾಮೆರಾ ಇದೆ. ಎದುರಿಗೆ ದೀಪ ಕಂಡರೆ ಅಷ್ಟು ಜಾಗವನ್ನು ಮಾತ್ರ ಕತ್ತಲು ಮಾಡಿ, ಉಳಿದ ಕಡೆಯೆಲ್ಲ ಹೆಡ್‌ಲೈಟನ್ನು ಪೂರ್ತಿ ಉರಿಸುತ್ತದೆ. ಎದುರಿನ ಗಾಡಿ ಸರಿದಂತೆ ಆ ಕತ್ತಲ ತುಂಡೂ ಜೊತೆಗೇ ಸರಿಯುತ್ತದೆ.

ಅತ್ತೆಗೆ ಮರೆವು ಹತ್ತಿತ್ತು. ಬಂಗಾರಪೇಟೆಯ ನಮ್ಮ ಮನೆಯಿಂದ ನಾಲ್ಕು ದಿನ ಇದ್ದು ಬರಲೆಂದು, ಮುಚ್ಚಿಹೋದ ಚಿನ್ನದ ಗಣಿಗಳ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿರುವ ಮಗಳು ಮಂಜುಳಾಳ ಮನೆಗೆ ಹೋಗಿದ್ದರು. ನನ್ನ ಗಂಡ ಊರಲ್ಲಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾದಿನಿಯ ಫೋನ್ ಬಂತು.

“ಅತ್ತಿಗೆ, ಅಮ್ಮ ಕಾಣಿಸ್ತಿಲ್ಲ. ಬೇಗ ಬನ್ನಿ ಅತ್ತಿಗೆ.”

ನಾನು ಹೋಗಿ ತಲುಪುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಮಂಜುಳಾ ಅಳುತ್ತಲೇ ಕಾರು ಹತ್ತಿದಳು. ಬೀದಿ ತುದಿಯ ಟೀ ಅಂಗಡಿಯವನನ್ನು ವಿಚಾರಿಸಿದೆವು.

“ಅಜ್ಜಿ ಆ ಕಡೆ ಓದ್ರಕ್ಕ. ಮಾರಿಕುಪ್ಪಂನಾಗೆ ರೈಲು ಇಡೀಬೇಕು ಅಂತಿದ್ರು” ಎಂದು ಅವನು ಕೈ ತೋರಿಸಿದ.

ಅದು ಸ್ಟೇಷನ್ನಿನ ದಾರಿಯಲ್ಲ. ಆ ಕಡೆ ಇರುವುದು ಹಳೆಯ ಗಣಿಯ ಬಾವಿಗಳು. ಕೆಲವಕ್ಕೆ ಬೇಲಿ ಹೆಸರಿಗಷ್ಟೇ. ನಾನು ಕಾರನ್ನು ಆ ಕಡೆಗೇ ತಿರುಗಿಸಿದೆ.

ತೆಳ್ಳಗೆ ಮಂಜು ಇಳಿದಿತ್ತು. ಗಣಿ ಮಣ್ಣಿನ ದಿಬ್ಬಗಳು ಆ ಮಂಜಿನಲ್ಲಿ ನೆಲ ಬಿಟ್ಟು ಮೇಲೆದ್ದ ಹಾಗೆ ಕಾಣುತ್ತಿದ್ದವು. ಕಿಟಕಿ ಇಳಿಸಿಕೊಂಡು ಮಂಜುಳಾ “ಅಮ್ಮಾ, ಅಮ್ಮಾ” ಎಂದು ಕೂಗುತ್ತಿದ್ದಳು. ಕೂಗು ಎಲ್ಲಿಗೂ ತಾಗದೆ ಹತ್ತಿಯೊಳಗೆ ಇಳಿದಂತೆ ಅಡಗಿಹೋಗುತ್ತಿತ್ತು. ಒಂದು ತಿರುವು ದಾಟಿದ್ದೇ ತಡ, ನಮ್ಮ ಬೆಳಕಿನ ನಡುವೆ ಒಂದು ಕತ್ತಲ ತುಂಡು ಬಿತ್ತು.

“ಅತ್ತಿಗೆ, ಲೈಟ್ ಕೆಟ್ಟೋಯ್ತಾ?”

“ಇಲ್ಲ ಕಣೆ, ಎದುರಿಗೆ ಯಾವ್ದೋ ಗಾಡಿ ಬರ್ತೈತೆ.”

ಗಾಡಿ ಬರಲಿಲ್ಲ. ರಸ್ತೆ ಖಾಲಿಯಿತ್ತು. ಆಳೆತ್ತರದ ಆ ಕತ್ತಲು ಮನುಷ್ಯ ನಡೆಯುವ ವೇಗದಲ್ಲಿ ಎಡಕ್ಕೆ ಸರಿಯಿತು. ಟಾರು ಬಿಟ್ಟು ಮಣ್ಣಿನ ದಾರಿಗೆ ಇಳಿಯಿತು. ನಾನು ಏನೂ ಯೋಚಿಸಲಿಲ್ಲ, ಅದರ ಹಿಂದೆಯೇ ಕಾರು ತಿರುಗಿಸಿದೆ. ಹೆದರಿಕೆ ಆಯಿತೇ ಎಂದು ನೀವು ಕೇಳಬಹುದು. ಇಲ್ಲ, ನಿದ್ದೆಯಲ್ಲಿ ನಡೆಯುತ್ತಿದ್ದೇನೇನೋ ಎನ್ನುವಂಥ ಒಂದು ಸಮಾಧಾನ. ಮಂಜುಳಾಳೂ ಕೂಗುವುದನ್ನು ನಿಲ್ಲಿಸಿದ್ದಳು. ಕತ್ತಲು ಮುಂದೆ ಮುಂದೆ, ನಾವು ಹಿಂದೆ ಹಿಂದೆ.

ಒಂದು ಕಡೆ ಅದು ನಿಂತಿತು. ನಾನು ಬ್ರೇಕ್ ಒತ್ತಿದೆ. ಕತ್ತಲು ಮೆಲ್ಲಗೆ ಮುಚ್ಚಿಕೊಂಡು ಬೆಳಕು ಪೂರ್ತಿ ತುಂಬಿಕೊಂಡಿತು. ಅಲ್ಲೇ ಒಂದು ಕಲ್ಲಿನ ಮೇಲೆ ಅತ್ತೆ ಸೆರಗು ಹೊದ್ದು ಕೂತಿದ್ದರು. ಅವರ ಕಾಲ ಮುಂದೆಯೇ ಮುರಿದ ಬೇಲಿ. ಬೇಲಿಯಾಚೆ ನೆಲವಿರಲಿಲ್ಲ.

ಇಬ್ಬರೂ ಓಡಿ ಹೋಗಿ ಅವರನ್ನು ತಬ್ಬಿಕೊಂಡೆವು. ಅತ್ತೆಯ ಕೈ ತಣ್ಣಗಿತ್ತು. ಮುಖದಲ್ಲಿ ಮಾತ್ರ ಗಾಬರಿ ಇರಲಿಲ್ಲ.

“ಇಲ್ಯಾಕೆ ಕೂತ್ರಿ ಅತ್ತೆ?” ಎಂದೆ.

“ಅವ್ರೇ ಕೂತ್ಕೊ ಅಂದ್ರು ಅಮ್ಮಣ್ಣಿ. ಮುಂದಕ್ಕೆ ಓಗ್ಬೇಡ, ನಿಮ್ಮೋರ್ನ ಕರ್ಕೊಂಡ್ ಬತ್ತೀನಿ ಅಂದ್ರು.”

“ಯಾರಮ್ಮ?” ಮಂಜುಳಾ ಕೇಳಿದಳು.

“ಯಾರೋ ಏನೋ. ತಲೆ ಮೇಲೆ ದೀಪ ಇತ್ತು. ಬೆಳಕು ಕಣ್ಗೆ ಒಡೀತಿತ್ತು, ಮುಖಾನೇ ಕಾಣ್ಲಿಲ್ಲ.”

ಮರುದಿನ ಕೇಳಿದರೆ ಅತ್ತೆಗೆ ಏನೂ ನೆನಪಿರಲಿಲ್ಲ. ಮುಂದೆಂದೂ ಅವರು ಆ ಮಾತು ಎತ್ತಲಿಲ್ಲ. ಮೆಕಾನಿಕ್ ಕಾರನ್ನು ಪರೀಕ್ಷಿಸಿ, ಎಲ್ಲ ಸರಿಯಾಗಿದೆ ಎಂದ. ಮಣ್ಣಿನಲ್ಲಿರುವ ಬಿಳಿಗಲ್ಲಿನ ಚೂರುಗಳು ಹೊಳೆದು ಕ್ಯಾಮೆರಾ ಮೋಸ ಹೋಗಿರಬೇಕು ಎಂದು ನಮ್ಮ ಸ್ಕೂಲಿನ ಇನ್ನೊಬ್ಬ ಮೇಷ್ಟ್ರು ಹೇಳಿದರು. ಇರಬಹುದು. ಆದರೆ ಚೂರುಗಳು ನಡೆಯುತ್ತವೆಯೇ? ಅತ್ತೆಯ ಮಾತಿಗೆ, ಗಣಿ ಕೆಲಸಗಾರರು ತಲೆಗೆ ದೀಪ ಕಟ್ಟಿಕೊಂಡು ಓಡಾಡುತ್ತಿದ್ದ ಕಾಲದ ಹಳೆಯ ನೆನಪೇ ಕಾರಣ ಎನ್ನೋಣ. ಹಾಗಾದರೆ ಕಾರಿಗೆ ಯಾರ ನೆನಪು?

ಮುಂದಿನ ತಿಂಗಳು ನಾನೊಬ್ಬಳೇ ಅದೇ ಹೊತ್ತಿಗೆ ಅಲ್ಲಿಗೆ ಹೋದೆ. ಹೋಗುತ್ತ, ಬರುತ್ತ, ನಿಧಾನವಾಗಿ, ಜೋರಾಗಿ, ಎಲ್ಲ ಬಗೆಯಲ್ಲೂ ಓಡಿಸಿ ನೋಡಿದೆ. ಬೆಳಕು ಒಂದು ಸಲವೂ ಕದಲಲಿಲ್ಲ. ಬರಿಯ ದಾರಿ, ಕುರುಚಲು ಗಿಡ, ಬಿಳಿ ಮಣ್ಣು. ಹೊರಡುವ ಮೊದಲು ಕಾರು ನಿಲ್ಲಿಸಿ, ಎದುರಿಗೆ ಯಾರೂ ಇಲ್ಲದ ಆ ದಾರಿಯಲ್ಲಿ ನಾನೇ ಕೈಯಾರೆ ಲೈಟನ್ನು ಡಿಮ್ ಮಾಡಿ, ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಯಾರ ಕಣ್ಣಿಗೆ ಬೆಳಕು ಹೊಡೆಯದಿರಲೆಂದು ಹಾಗೆ ಮಾಡಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.